ಮಾಯಮ್ಮ ಮೇಡಂ ಕಟ್ಟಿದ ಹಾಲಿನ ಡೈರಿ

ಶಾಂತಿಗ್ರಾಮದ ಬಸ್ ಸ್ಟಾಪಿನ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪೆನ್ನು, ನೋಟ್‌ಬುಕ್ಕು, ಚಾರ್ಟು, ಲ್ಯಾಮಿನೇಶನ್ನು ಎಲ್ಲಾ ಉಂಟು. ಇಲ್ಲದ್ದು ನನ್ನ ತಾಳ್ಮೆ ಒಂದೇ. ಬರುವವರೆಲ್ಲ ಬಸ್ಸು ಹೊರಟೇ ಹೋಯಿತು ಅನ್ನುವ ಮುಖ ಹೊತ್ತುಕೊಂಡೇ ಬರುತ್ತಾರೆ. ಒಬ್ಬ ಆಧಾರ್ ಕಾರ್ಡನ್ನು ಇನ್ನೊಬ್ಬನ ತಲೆ ಮೇಲಿಂದ ಚಾಚುತ್ತಾನೆ, ಇನ್ನೊಬ್ಬ ಒರಿಜಿನಲ್ಲನ್ನು ಮೆಷಿನ್ನಿನಲ್ಲೇ ಬಿಟ್ಟು ಓಡುತ್ತಾನೆ, ಆಮೇಲೆ ಬಂದು ನನ್ನ ಮೇಲೇ ರೇಗುತ್ತಾನೆ. ಈ ಗದ್ದಲದಲ್ಲಿ ಎಲ್ಲರದೂ ಮುಗಿಯಲಿ ಎಂದು ಕೊನೆಗೆ ನಿಲ್ಲುತ್ತಿದ್ದವರು ಮಾಯಮ್ಮ ಮೇಡಂ ಒಬ್ಬರೇ. ಅವರ ವಿಷಯ ಬರೆಯಬೇಕೆಂದು ಕೂತಿದ್ದೇನೆ. ಬರೆದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಹೊಟ್ಟೆಯೊಳಗಿನ ಉರಿಯನ್ನು ಎಲ್ಲಾದರೂ ಇಳಿಸಬೇಕಲ್ಲ.

ಮೇಡಂ ಇದ್ದದ್ದು ಆಲದಕೊಪ್ಪಲಿನ ಸರ್ಕಾರಿ ಶಾಲೆಯಲ್ಲಿ. ನಮ್ಮ ಸ್ಟಾಪಿನಲ್ಲಿ ಬಸ್ಸಿಳಿದು, ಒಳಗಿನ ರಸ್ತೆಗೆ ಆಟೋ ಹಿಡಿದು ಹೋಗಬೇಕು. ಶಾಲೆಗೆ ಇಬ್ಬರೇ ಮೇಷ್ಟರು. ಹೆಡ್‌ಮೇಷ್ಟರು ಸಿದ್ದೇಶ್ವರ ಅವರಿಗೆ ಮೊಟ್ಟೆಯ ಲೆಕ್ಕ, ಮೀಟಿಂಗು, ಕಂಪ್ಯೂಟರಿಗೆ ತುಂಬಿಸುವುದು ಇದರಲ್ಲೇ ಹೊತ್ತು ಮುಳುಗುತ್ತಿತ್ತು. ಪಾಠದ ಭಾರವೆಲ್ಲ ಹೆಚ್ಚುಕಡಿಮೆ ಮಾಯಮ್ಮ ಮೇಡಂ ತಲೆಯ ಮೇಲೆ. ಐವತ್ತು ದಾಟಿದ ಹೆಂಗಸು. ಗಟ್ಟಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಬಲ ಮೊಣಕೈತನಕ ಸೀಮೆಸುಣ್ಣ, ಭುಜಕ್ಕೊಂದು ದೊಡ್ಡ ಚೀಲ. ಆ ಚೀಲದಲ್ಲಿ ಏನುಂಟು ಏನಿಲ್ಲ ಎಂದು ಅವರಿಗೇ ಗೊತ್ತಿರಲಿಲ್ಲ.

ಅವರು ಹುಟ್ಟಿದ್ದು ಸಾಲಗಾಮೆಯ ಕಡೆ. ಅಪ್ಪ ಲಕ್ಕಯ್ಯ ಕೂಲಿ ಮಾಡಿ ಓದಿಸಿದವರು. ಮೇಡಂ ಮನೆಯ ನಡುಮನೆಯಲ್ಲಿ ಬುದ್ಧನ ಫೋಟೊ, ಅದರ ಪಕ್ಕದಲ್ಲೇ ಅಪ್ಪನ ಫೋಟೊ. ಆಲದಕೊಪ್ಪಲಿಗೆ ಬಂದ ಹೊಸದರಲ್ಲಿ, ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಮನೆಮನೆಗೆ ಹೋದರೆ, ಊರೊಳಗಿನ ಮನೆಗಳವರು ಇವರನ್ನು ಜಗಲಿ ಹತ್ತಿಸುತ್ತಿರಲಿಲ್ಲ. ಅಂಗಳದ ಬಿಸಿಲಲ್ಲೇ ನಿಲ್ಲಿಸಿ ಮಾತಾಡಿ ಕಳಿಸುತ್ತಿದ್ದರು. ಮೇಡಂ ಅದನ್ನು ದೂರು ಎಂದು ಯಾವತ್ತೂ ಹೇಳಿದವರಲ್ಲ. ಒಂದು ಸಲ ಮಾತಿನ ಮಧ್ಯೆ, "ಜಗಲಿ ಮೇಲೆ ಕೂರ್ಸಿದ್ರೆ ನೆರಳಾದ್ರೂ ಸಿಗ್ತಿತ್ತು ಪರಮೇಶಣ್ಣ" ಎಂದು ನಕ್ಕಿದ್ದರು, ಅಷ್ಟೇ. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಊರಿನ ದಿಕ್ಕಿಗೆ ತಲೆ ಹಾಕಿ ಮಲಗುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಶಾಲೆಗೆ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ ಬಂತು. ಬಂತು ಅಂದರೆ ಬೋರ್ಡು ಬಂತು. ಪಾಠ ಮಾಡುವವರು ಅದೇ ಮಾಯಮ್ಮ ಮೇಡಂ. ಅವರಿಗೋ ಎಬಿಸಿಡಿಯ ಮುಖ ಕಂಡದ್ದೇ ಐದನೇ ಕ್ಲಾಸಿನಲ್ಲಿ. ಹೊಳೆನರಸೀಪುರದಲ್ಲಿ ನಾಲ್ಕಾರು ದಿನ ಟ್ರೈನಿಂಗ್ ಮುಗಿಸಿ ಬಂದವರು ಬಸ್ ಸ್ಟಾಪಿನಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದರು.

"ಏನ್ ಮೇಡಂ, ಮಂತ್ರವಾ?" ಎಂದು ಕೇಳಿದೆ.

"ಓಪನ್ ಯುವರ್ ಬುಕ್ಸ್, ಕ್ಲೋಸ್ ಯುವರ್ ಬುಕ್ಸ್. ಮಂತ್ರಾನೇ ವಾಸಿ, ತಪ್ಪು ಹೇಳಿದ್ರೆ ದೇವ್ರು ನಗಲ್ಲ. ಮಕ್ಳು ನಗ್ತಾವೆ" ಅಂದರು.

ಆಲದಕೊಪ್ಪಲಿನ ಅರಳಿಕಟ್ಟೆಗೆ ಬೆಳಗಾದರೆ ಚನ್ನರಾಯಪಟ್ಟಣದ ಕಾನ್ವೆಂಟಿನ ಹಳದಿ ವ್ಯಾನು ಬರುತ್ತದೆ. ಪ್ರತಿ ವರ್ಷವೂ ಊರಿನ ಒಂದಿಷ್ಟು ಮಕ್ಕಳು ಟೈ ಕಟ್ಟಿಕೊಂಡು ಅದನ್ನು ಹತ್ತುತ್ತಿದ್ದವು. ಹೀಗೇ ಹತ್ತುತ್ತಾ ಹೋದರೆ ಒಂದು ದಿನ ಶಾಲೆಯಲ್ಲಿ ಗೋಡೆ ಮಾತ್ರ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಮೇಲಿನವರೂ ಬಾಯಿಬಿಟ್ಟು ಹೇಳಿದ್ದರಂತೆ, ಇಂಗ್ಲಿಷ್ ಕ್ಲಾಸು ಕೊಟ್ಟಿದ್ದೇವೆ, ಮಕ್ಕಳು ಉಳಿದರೆ ಕ್ಲಾಸು ಉಳಿಯುತ್ತೆ, ಇಲ್ಲದಿದ್ದರೆ ಮುಚ್ಚಿ ನಿಮ್ಮನ್ನು ಬೇರೆ ಕಡೆ ಹಾಕುತ್ತೇವೆ ಎಂದು. ಮೇಡಂ ಇದನ್ನು ಹಟದಂತೆ ತೆಗೆದುಕೊಂಡರು. "ಈ ಒಂದು ಕ್ಲಾಸಿನ ಮಕ್ಳು ವ್ಯಾನ್ ಹತ್ತದಂಗೆ ನೋಡ್ಕೊಂಡ್ರೆ ಸಾಕು, ಸ್ಕೂಲು ಉಳಿಯುತ್ತೆ" ಎಂದು ನನ್ನ ಕೌಂಟರಿಗೆ ಬೆರಳು ಒತ್ತಿ ಹೇಳಿದ್ದರು.

ಹೇಳುವುದು ಸುಲಭ. ಕಲಿಸಲು ಕೈಯಲ್ಲಿ ಏನಾದರೂ ಬೇಕಲ್ಲ? ಪುಸ್ತಕ ಬಂತು, ತಡವಾಗಿ. ಪುಟಾಣಿ ಮಕ್ಕಳ ಮುಂದೆ ಬರೀ ಪುಸ್ತಕ ಹಿಡಿದರೆ ಕೋಣದ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ. ಮೊದಲು ನನ್ನ ಅಂಗಡಿಯ ಚಾರ್ಟುಗಳನ್ನೆಲ್ಲ ಹರವಿ ನೋಡಿದರು. ಎ ಫಾರ್ ಆ್ಯಪಲ್, ಐ ಫಾರ್ ಇಗ್ಲೂ, ಎಕ್ಸ್ ಫಾರ್ ಕ್ಸೈಲೋಫೋನ್, ವೈ ಫಾರ್ ಯಾಟ್.

"ಪರಮೇಶಣ್ಣ, ಇದ್ರಲ್ಲಿ ನಮ್ಮ ಮಕ್ಳು ಕಣ್ಣಲ್ಲಿ ಕಂಡಿರೋದು ಏನಿದೆ?"

ನಾನು ನೋಡಿದೆ. ಸೇಬಿನ ಹಣ್ಣು ಕಂಡಿರಬಹುದು, ಅದೂ ಯಾರಿಗಾದರೂ ಜ್ವರ ಬಂದಾಗ. ಇಗ್ಲೂ ಎಂದರೆ ಮಂಜುಗಡ್ಡೆಯ ಮನೆ ಎಂದು ಮಾರುವ ನನಗೇ ಗೊತ್ತಿರಲಿಲ್ಲ. ಇಷ್ಟು ವರ್ಷ ಮೆಣಸಿನಕಾಯಿ ಬಜ್ಜಿಯಂತೆ ಮಾರಿದ್ದೇನೆ, ಒಬ್ಬರೂ ಕೇಳಿರಲಿಲ್ಲ.

ಆಮೇಲೆ ಅವರ ಅಲೆದಾಟ ಶುರುವಾಯಿತು. ಭಾನುವಾರ ಬಂದರೆ ಹಾಸನಕ್ಕೆ ಹೋಗಿ ಪುಸ್ತಕದಂಗಡಿ, ಆಟಿಕೆ ಅಂಗಡಿ ಸುತ್ತುವುದು. ಚಂದದ ಡಬ್ಬದಲ್ಲಿ ಚಿತ್ರದ ಕಾರ್ಡುಗಳಿದ್ದವು, ಅದರಲ್ಲೂ ಹಿಮದ ಕರಡಿಯೇ. ಟ್ರೈನಿಂಗಿನವರು ವಾಟ್ಸಾಪಿನಲ್ಲಿ ಕಳಿಸಿದ ಹಾಳೆಗಳನ್ನು ನನ್ನ ಹತ್ತಿರ ಜೆರಾಕ್ಸ್ ತೆಗೆಸಿದರು. ಯಾವ ದೇಶದ್ದೋ ಏನೋ, ಹಿಮದಲ್ಲಿ ಮಾಡಿದ ಮನುಷ್ಯ, ಮೂಗಿಗೆ ಕ್ಯಾರೆಟ್ಟು. ನನ್ನ ಮೆಷಿನ್ನಿನಲ್ಲಿ ಬಿಳಿ ಮನುಷ್ಯ ಕಪ್ಪಗೆ ಬಂದ. ಮಕ್ಕಳು ಅವನನ್ನು ಬೆದರುಬೊಂಬೆ ಅಂದವಂತೆ. ಮನೆಯಲ್ಲಿ ವಿಡಿಯೊ ಡೌನ್‌ಲೋಡ್ ಮಾಡಿಕೊಂಡು ಹೋಗಿ ಫೋನಿನಲ್ಲೇ ತೋರಿಸಿದರು. ಇಡೀ ಕ್ಲಾಸು ಒಂದು ಫೋನಿನ ಮೇಲೆ ಮುಗಿಬಿದ್ದು, ಹಿಂದಿನವರಿಗೆ ಮುಂದಿನವರ ತಲೆಯೇ ಕಂಡಿತು.

ಅರಕಲಗೂಡು ಕಡೆಯ ಶಾಲೆಯೊಂದರಲ್ಲಿ ಅವರ ಗೆಳತಿ ಸ್ಮಿತಾ ಮೇಡಂ ಇದ್ದಾರೆ. ಆ ಶಾಲೆಗೆ ಯಾರೋ ದಾನಿಗಳು ಇಂಗ್ಲಿಷ್ ಕಲಿಸುವ ದೊಡ್ಡ ಕಿಟ್ಟು ಕೊಟ್ಟಿದ್ದಾರೆ ಎಂಬ ಸುದ್ದಿ ಸಿಕ್ಕಿ ಇವರು ರಜೆ ಹಾಕಿ ಹೋದರು. ಕಿಟ್ಟು ಬೀರುವಿನಲ್ಲಿತ್ತು. ಬಂದ ದಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಫೋಟೊ ತೆಗೆದು ಬೀಗ ಹಾಕಿದ್ದು. ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಮಕ್ಕಳ ಕೈಗೆ ಕೊಟ್ಟರೆ ಹಾಳಾಗುತ್ತದೆ, ಸಾಹೇಬರು ಬಂದಾಗ ಏನು ತೋರಿಸುವುದು ಎಂದು ಅಲ್ಲಿಯ ಹೆಡ್‌ಮೇಷ್ಟರು ಹೇಳಿದರಂತೆ. "ಗಾಜಿನಾಚೆಯಿಂದ ನೋಡ್ಕೊಂಡು ಬಂದೆ. ಅದ್ರಲ್ಲಿ ಬೊಂಬೆ ಇತ್ತು, ಕೈಗೆ ಹಾಕ್ಕೊಂಡು ಆಡ್ಸೋದು" ಎಂದರು ಮೇಡಂ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ನಮ್ಮ ಜನ ಹೀಗೆಯೇ, ಬಳಸುವ ವಸ್ತುವಿಗೆ ಪೂಜೆ ಮಾಡಿ ಕೂರಿಸಿಬಿಡುತ್ತಾರೆ, ಆಮೇಲೆ ಅದನ್ನು ಮುಟ್ಟಿದರೆ ಪಾಪ.

ಅವತ್ತು ಅವರ ಮುಖ ನೋಡಿ ನನಗೆ ಇವರು ಇನ್ನು ಕೈಚೆಲ್ಲುತ್ತಾರೆ ಅನ್ನಿಸಿತು. ಆದರೆ ಕೆಲವು ದಿನ ಕಳೆದು ಒಂದು ಸಂಜೆ ಆಟೋ ಇಳಿದವರೇ ರಸ್ತೆ ದಾಟಿ ಬಂದರು. ಆ ಹೊತ್ತು ಅಂಗಡಿಯಲ್ಲಿ ಜನವಿದ್ದರೂ ಕೊನೆಗೆ ನಿಲ್ಲಲಿಲ್ಲ.

"ಪರಮೇಶಣ್ಣ, ಜೆರಾಕ್ಸ್ ಪೇಪರ್ ಬರುತ್ತಲ್ಲ, ಆ ರಟ್ಟಿನ ಡಬ್ಬ ಒಂದು ಖಾಲಿ ಇದ್ರೆ ಕೊಡಿ."

ಆಗಿದ್ದಿಷ್ಟು. ಆಟೋ ತಪ್ಪಿ ಆಲದಕೊಪ್ಪಲಿನ ಹಾಲಿನ ಡೈರಿಯ ಮುಂದೆ ನಿಂತಿದ್ದರಂತೆ. ಸಂಜೆಯ ಹಾಲು ಅಳೆಯುವ ಹೊತ್ತು. ಅವರ ಕ್ಲಾಸಿನ ಮಕ್ಕಳೇ ಸಾಲಿನಲ್ಲಿ ಕ್ಯಾನು ಹಿಡಿದು ನಿಂತು, ನಿಮ್ಮದೆಷ್ಟು ಲೀಟ್ರು, ನಿಮ್ಮದೆಷ್ಟು ಫ್ಯಾಟು, ಟೆಸ್ಟಿಂಗ್ ಆಯ್ತಾ ಎಂದು ಮಾತಾಡಿಕೊಳ್ಳುತ್ತಿದ್ದವು. ಕ್ಲಾಸಿನಲ್ಲಿ 'ಮಿಲ್ಕ್' ಎನ್ನಲು ಬಾಯಿ ಕಟ್ಟುವ ಧನ್ಯಾ ಎಂಬ ಹುಡುಗಿ, ಡೈರಿಯ ಸೆಕ್ರೆಟರಿಯಾದ ತನ್ನ ತಾತ ಮರಿಯಣ್ಣನ ಪಕ್ಕ ಕೂತು, "ಫ್ಯಾಟು ಕಮ್ಮಿ ಬಂದದೆ ಕಣಜ್ಜಿ, ನೀರ್ ಉಯ್ದಿದ್ದೀಯಾ?" ಎಂದು ಯಾರೋ ಮುದುಕಿಯನ್ನು ದಬಾಯಿಸುತ್ತಿದ್ದಳಂತೆ. ಮೇಡಂ ಅದನ್ನು ಹೇಳುತ್ತಾ ಕೌಂಟರ್ ಹಿಡಿದುಕೊಂಡು ನಕ್ಕರು. ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆ ರಟ್ಟಿನ ಡಬ್ಬದೊಳಗೆ ಒಂದು ಡೈರಿಯೇ ತಯಾರಾಯಿತು. ಮರಿಯಣ್ಣ ಬೇಡವೆಂದು ಎಸೆದ ಹಾಲಿನ ಸ್ಯಾಂಪಲ್ ಬಾಟಲಿಗಳು, ಅಳತೆಯ ಲೋಟ, ಒಂದು ಸೊಟ್ಟ ಆಲಿಕೆ, ಹಿಂಡಿ ಮೂಟೆಯ ಮೇಲಿನ ಹಸುವಿನ ಚಿತ್ರ, ಮಕ್ಕಳಿಗೆ ಗುರುತಿರುವ ಇಂಗ್ಲಿಷ್ ಅಕ್ಷರದ ಬಿಸ್ಕತ್ತಿನ ಕವರು, ಶಾಂಪೂ ಪೊಟ್ಟಣ. ಊರಿನ ಹಸುಗಳ ಫೋಟೊ ಫೋನಿನಲ್ಲಿ ತೆಗೆದು ತಂದರು, ನಾನು ಕಲರ್ ಪ್ರಿಂಟು ಹಾಕಿ ಲ್ಯಾಮಿನೇಶನ್ ಮಾಡಿದೆ. ಗೌರಿ, ತುಂಗೆ, ಬೋಳಿ, ಒಂದೊಂದಕ್ಕೂ ಹೆಸರು. ಮನುಷ್ಯರ ಪಾಸ್‌ಪೋರ್ಟ್ ಫೋಟೊ ಕತ್ತರಿಸಿ ಸಾಕಾಗಿದ್ದ ನನಗೆ ಹಸುಗಳ ಮುಖ ಕತ್ತರಿಸಿ ಕಣ್ಣು ತಂಪಾಯಿತು.

ಒಂದು ದಿನ ಆ ಚಿತ್ರಗಳನ್ನು ಕೊಡಲು ನಾನೇ ಶಾಲೆಗೆ ಹೋದೆ. ಧನ್ಯಾ ಬೆಂಚಿನ ಹಿಂದೆ ಸೆಕ್ರೆಟರಿಯಾಗಿ ಕೂತಿದ್ದಳು, ತಾತನಂತೆಯೇ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು. ಮುಂದೆ ಮಕ್ಕಳ ಸಾಲು.

"ಗುಡ್ ಮಾರ್ನಿಂಗ್. ಹೌ ಮಚ್ ಮಿಲ್ಕ್?"

"ಟೂ ಲೀಟರ್ಸ್."

"ವಾಟ್ ಈಸ್ ಯುವರ್ ಕೌಸ್ ನೇಮ್?"

"ಮೈ ಕೌ ಈಸ್ ಗೌರಿ. ಗೌರಿ ಈಸ್ ಬ್ರೌನ್. ಗೌರಿ ಕಿಕ್ಸ್ ಮೈ ಫಾದರ್."

ಕೊನೆಯದನ್ನು ಮೇಡಂ ಕಲಿಸಿರಲಿಲ್ಲ, 'ಕಿಕ್' ಒಂದನ್ನು ಹೇಳಿಕೊಟ್ಟಿದ್ದಕ್ಕೆ ಆ ಹುಡುಗನೇ ಜೋಡಿಸಿಕೊಂಡನಂತೆ. ಸಾಲಿನ ಕೊನೆಯಲ್ಲಿ ಅರುಣ್‌ಕುಮಾರ್ ಎಂಬ ಸಣ್ಣ ಹುಡುಗ ಬರಿಗೈಯಲ್ಲಿ ಬಂದ. ಅವನ ಮನೆಯಲ್ಲಿ ಹಸುವಿಲ್ಲ, ತಾಯಿ ಕೂಲಿಗೆ ಹೋಗುತ್ತಾಳೆ. ಅವನು ಕೈ ಎತ್ತಿ ತೋರಿಸಿ "ನೋ ಮಿಲ್ಕ್" ಅಂದ. ಧನ್ಯಾ ಗಂಭೀರವಾಗಿ "ಥ್ಯಾಂಕ್ ಯು. ಕಮ್ ಟುಮಾರೊ" ಅಂದಳು. ಅವನು ಹೆಮ್ಮೆಯಿಂದ ಹೋಗಿ ಕೂತ. ಹಸುವಿಲ್ಲದ ಮಕ್ಕಳಿಗೂ ಸಾಲಿನಲ್ಲಿ ಜಾಗವಿರಬೇಕು, ಬರಿಗೈಯಲ್ಲಿ ಬಂದವರನ್ನು ಬಯ್ಯದೆ ನಾಳೆ ಬನ್ನಿ ಅನ್ನಬೇಕು, ಅದು ಆಟದ ನಿಯಮ ಎಂದು ಮೇಡಂ ನನಗೆ ಮೆಲ್ಲಗೆ ಹೇಳಿದರು. ಅಂಗಡಿ ತೆರೆದಿಟ್ಟು ಬಂದಿದ್ದೇನೆ ಎಂದು ಸುಳ್ಳು ಹೇಳಿ ಹೊರಗೆ ಬಂದೆ.

ಮಾರ್ಚಿನಲ್ಲಿ ತಂದೆತಾಯಿಗಳ ಸಭೆ. ಮೇಡಂ ಅಲ್ಲಿ ಡೈರಿ ಆಟ ಆಡಿಸಿ ತೋರಿಸಿದರು. ಪಕ್ಕದ ಊರಿನವರೂ ಬಂದಿದ್ದರು, ನನಗೂ ಕರೆ ಇತ್ತು. ಧನ್ಯಾ ಸ್ವಂತ ತಾತನನ್ನೇ ಸಾಲಿನಲ್ಲಿ ನಿಲ್ಲಿಸಿ, ಅವನ ಬಾಟಲಿಯನ್ನು ಬೆಳಕಿಗೆ ಹಿಡಿದು, "ತಾತ, ಯುವರ್ ಮಿಲ್ಕ್ ಈಸ್ ವಾಟರ್" ಎಂದಾಗ ಶಾಲೆಯ ಹೆಂಚು ಹಾರುವಷ್ಟು ನಗೆ. ಮರಿಯಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, "ಊರೋರ ಹಾಲಿಗೆಲ್ಲಾ ನೀರು ಅಂತಿದ್ದೆ ಕಣ್ರಪ್ಪ, ನನ್ನ್ ಮೊಮ್ಮಗಳು ನನ್ನೇ ಹಿಡ್ದುಬುಟ್ಲು" ಅಂದ. ಅವನ ಮಗ, ಧನ್ಯಾಳ ಅಪ್ಪ ಪ್ರಸನ್ನಕುಮಾರ್ ಫೋನೆತ್ತಿ ವಿಡಿಯೊ ಮಾಡಿದ. ಸಂಜೆಯೊಳಗೆ ಅದು ಸುತ್ತಲ ಹಳ್ಳಿಗಳ ಎಲ್ಲರ ಫೋನಿನಲ್ಲೂ ಇತ್ತು.

ಅವತ್ತು ಬಸ್ಸಿಗೆ ಕಾಯುತ್ತಾ ಮೇಡಂ, "ಇನ್ನು ಯಾರೂ ವ್ಯಾನ್ ಹತ್ತಲ್ಲ ಅಲ್ವಾ ಪರಮೇಶಣ್ಣ?" ಎಂದು ಕೇಳಿದರು. ಕೇಳಿದ್ದಲ್ಲ ಅದು, ಗೆದ್ದವರ ಮಾತು. ನಾನೂ ತಿಳಿಗೇಡಿಯಂತೆ, "ವ್ಯಾನೇ ಇನ್ನು ನಿಮ್ ಸ್ಕೂಲಿಗೆ ಬರ್ಬೇಕು, ಬಿಡಿ ಮೇಡಂ" ಅಂದೆ.

ಏಪ್ರಿಲ್ ತಿಂಗಳು ನನಗೆ ಹಬ್ಬ. ಕಾನ್ವೆಂಟ್ ಸೇರಿಸುವವರೆಲ್ಲ ಆಧಾರ್, ಜನನ ಪತ್ರ, ಜಾತಿ ಪತ್ರ ಎಂದು ಜೆರಾಕ್ಸಿಗೆ ಬರುತ್ತಾರೆ. ಒಂದು ಮಧ್ಯಾಹ್ನ ಮೇಡಂ ಮುಂದಿನ ವರ್ಷದ ಸಾಮಾನು ಹರವಿಕೊಂಡು ಕೂತಿದ್ದರು. ಡೈರಿ ಆಯಿತು, ಎರಡನೇ ಕ್ಲಾಸಿಗೆ ಸಂತೆ ಆಟ ಎಂದು ತರಕಾರಿಯ ಚಿತ್ರ ತಂದಿದ್ದರು. ಆಗ ಪ್ರಸನ್ನಕುಮಾರ್ ಬೈಕ್ ನಿಲ್ಲಿಸಿ ಬಂದ. ಮೇಡಮ್ಮನ್ನು ಕಂಡು ಅವನಿಗೆ ಮುಜುಗರವಾಗಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅವನ ಮುಖ ಅರಳಿತು.

"ಮೇಡಮ್ಮೋರೆ, ನಿಮ್ಮನ್ನೇ ನೋಡ್ಬೇಕು ಅಂತಿದ್ದೆ. ಧನ್ಯಾ ಇಂಟ್ರೂನಲ್ಲಿ ಪಾಸು! ಕಾನ್ವೆಂಟ್ನೋರು ಇಂಗ್ಲಿಷಲ್ಲಿ ಕೇಳುದ್ರೆ ಒಂದಕ್ಕೂ ತಡವರಿಸ್ನಿಲ್ಲ ಕಣ್ರೀ. ನಿಮ್ ಹಸ ಯಾವ್ ಬಣ್ಣ ಅಂದ್ರಂತೆ, ತುಂಗೆ ಈಸ್ ಬ್ರೌನು ಅಂದ್ಲಂತೆ. ಪ್ರಿನ್ಸಿಪಾಲ್ರೇ ಚಪ್ಪಾಳೆ ತಟ್ಟುದ್ರು."

ಮೇಡಂ ಕೈಯಲ್ಲಿ ಬದನೆಕಾಯಿಯ ಚಿತ್ರವಿತ್ತು. ಅದನ್ನು ಕೆಳಗಿಡಲಿಲ್ಲ.

"ಪ್ರಸನ್ನ, ಇಲ್ಲೇ ಕಲೀತಿದ್ದಾಳಲ್ಲಪ್ಪ" ಎಂದರು.

"ಅದ್ಕೇಯಾ ಮೇಡಂ. ಓದ ವರ್ಷ ಬಾಯೇ ಬಿಡ್ತಿರ್ಲಿಲ್ಲ, ಇವ್ಳಿಗ್ಯಾಕೆ ಕಾನ್ವೆಂಟು ಅಂತ ಸುಮ್ಕಿದ್ದೊ. ಈಗ ನೋಡುದ್ರೆ ಇಷ್ಟು ಚೂಟಿ! ಇಂಥ ಮಗೀನ ಸರ್ಕಾರಿ ಸ್ಕೂಲಲ್ಲಿ ಮಡಗಿ ಆಳ್ ಮಾಡಕಾಯ್ತದಾ?"

ನನಗೆ ರಕ್ತ ತಲೆಗೇರಿತು. "ಲೋ ಪ್ರಸನ್ನ, ಅವ್ಳ ಬಾಯಿ ಬಿಡ್ಸಿದ್ದು ಯಾವ ಕಾನ್ವೆಂಟ್ಲಾ? ಹಿತ್ತಲ ಗಿಡ ಮದ್ದಲ್ಲ ಅಂತ ನಿನ್ನಂಥೋರ್ನ ನೋಡೇ ಹೇಳಿರೋದು" ಎಂದು ಗದರಿದೆ.

"ಅಯ್ಯೋ, ಮೇಡಮ್ಮೋರೇ ಪರಮೇಶಣ್ಣ! ಅವ್ರ ಋಣ ಈ ಜನ್ಮದಲ್ಲಿ ತೀರ್ಸಕ್ಕಾಗಲ್ಲ. ಇಲ್ಲ ಅಂದ್ನಾ ನಾನು?" ಎಂದು ಅವನು ಕೈ ಮುಗಿದ. ನಿಜವಾಗಿಯೂ ಮುಗಿದ, ಕಣ್ಣಲ್ಲಿ ನೀರಿತ್ತು. ಇಂಥವನನ್ನು ಬಯ್ಯುವುದು ಹೇಗೆ ಹೇಳಿ.

"ಒಂದೇ ಒಂದು ವರ್ಷ ಬಿಡಪ್ಪ. ಎರಡನೇ ಕ್ಲಾಸಿಗೆ ಸಂತೆ ಆಟ ಮಾಡ್ತಿದ್ದೀನಿ. ಧನ್ಯಾ ಇಲ್ಲ ಅಂದ್ರೆ ಉಳಿದೋರೂ ಹೊರಡ್ತಾರೆ" ಎಂದರು ಮೇಡಂ. ಬೇಡುವ ದನಿ. ಆ ದನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ.

ಪ್ರಸನ್ನ ತಲೆ ಕೆರೆದುಕೊಂಡ. ಆಮೇಲೆ, ಚುಚ್ಚಬೇಕೆಂದಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ. "ಮೇಡಮ್ಮೋರೆ, ತೆಪ್ಪು ತಿಳ್ಕೋಬ್ಯಾಡಿ. ನಿಮ್ ಮಗ ಮೋಹನ್‌ಕುಮಾರು ಎಲ್ಲಿ ಓದಿದ್ದು?"

ಮೇಡಂ ಬದನೆಕಾಯಿಯ ಚಿತ್ರವನ್ನು ಕೆಳಗಿಟ್ಟರು. ಮೋಹನ್‌ಕುಮಾರ್ ಓದಿದ್ದು ಹಾಸನದ ಕಾನ್ವೆಂಟಿನಲ್ಲಿ ಎಂದು ನನಗೆ ಗೊತ್ತಿತ್ತು. ಕೂಲಿ ಲಕ್ಕಯ್ಯನ ಮಗಳು ತನ್ನ ಮಗ ತನ್ನಂತೆ ಇಂಗ್ಲಿಷಿಗೆ ಹೆದರಬಾರದೆಂದು ಕಳಿಸಿದ್ದು, ತಪ್ಪೇನು? ಹಾಗೆ ನೋಡಿದರೆ ನನ್ನ ಮೊಮ್ಮಗ ಅಭಿಷೇಕ್ ಹೋಗುವುದೂ ಅದೇ ಹಳದಿ ವ್ಯಾನಿನಲ್ಲಿ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ನಾನು ಧನ್ಯಾಳ ಜನನ ಪತ್ರ ಮೆಷಿನ್ನಿಗೆ ಇಟ್ಟು ಪ್ರತಿ ತೆಗೆದುಕೊಟ್ಟೆ. ತೆಗೆಯುವುದಿಲ್ಲ ಎನ್ನಬಹುದಿತ್ತು. ಪಕ್ಕದ ಅಂಗಡಿಯವನು ತೆಗೆದುಕೊಡುತ್ತಿದ್ದ.

ಹೋಗುವಾಗ ಪ್ರಸನ್ನ, "ಸುಕ್ರವಾರ ಮನೇಗ್ ಬನ್ನಿ ಮೇಡಮ್ಮೋರೆ. ಅಪ್ಪಯ್ಯ ಕರ್ಕೊಂಡ್ ಬಾ ಅಂದವ್ರೆ. ನಿಮ್ಗೆ ಎಲೆ ಅಡಿಕೆ ಕೊಡ್ದೆ ಮಗೀನ ಕಳ್ಸಲ್ಲ" ಅಂದ.

ಹೋಗಬೇಡಿ ಎಂದು ನಾನು ಹೇಳಿದೆ. ಅವರು ಹೋದರು. ಒಬ್ಬರೇ ಹೋಗಲು ಮನಸ್ಸು ಬಾರದೆ ನನ್ನನ್ನೂ ಕರೆದರು. ಮರಿಯಣ್ಣ ಬಾಗಿಲಲ್ಲೇ ನಿಂತಿದ್ದ. "ಬನ್ನಿ ತಾಯಿ, ಒಳಕ್ಕೆ ಬನ್ನಿ" ಎಂದು ಜಗಲಿ ದಾಟಿಸಿ, ಪಡಸಾಲೆ ದಾಟಿಸಿ, ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದ. ಅವನ ಹೆಂಡತಿ ಲಕ್ಕಮ್ಮ ಕುಂಕುಮ ಇಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ, ಜೊತೆಗೆ ಒಂದು ಸೀರೆ ಇಟ್ಟು ಕೊಟ್ಟಳು. ಒಂದು ಕಾಲದಲ್ಲಿ ಇದೇ ಮನೆಯ ಅಂಗಳದ ಬಿಸಿಲಲ್ಲಿ, ಧನ್ಯಾಳ ಅಪ್ಪನನ್ನು ಶಾಲೆಗೆ ಕಳಿಸಿ ಎಂದು ಇವರು ನಿಂತು ಕೇಳಿದ್ದರು. ಈಗ ನಡುಮನೆಗೆ ಕರೆದರು, ಧನ್ಯಾಳನ್ನು ಶಾಲೆ ಬಿಡಿಸುವುದಕ್ಕೆ. ಮೇಡಂ ತಟ್ಟೆ ತೆಗೆದುಕೊಂಡರು. ಧನ್ಯಾ ಹೊಸ ಟೈ ಕಟ್ಟಿಕೊಂಡು ಬಂದು ಕಾಲಿಗೆ ಬಿದ್ದಳು. ಅವಳ ತಲೆಯ ಮೇಲಿಟ್ಟ ಕೈಯನ್ನು ಮೇಡಂ ಬಹಳ ಹೊತ್ತು ತೆಗೆಯಲಿಲ್ಲ.

ಆಮೇಲಿನದು ಹೇಳುವಷ್ಟೇನಿಲ್ಲ. ಕುರಿಯ ಹಿಂದೆ ಕುರಿ. ಗೌರಿಯ ಒದೆಯ ಸುದ್ದಿ ಹೇಳಿದ ಹುಡುಗ ಹೋದ, ಬೋಳಿಯ ಮನೆಯವರು ಹೋದರು. ಎಲ್ಲರೂ ಮೇಡಮ್ಮಿಗೆ ಕೈ ಮುಗಿದೇ ಹೋದರು. ಅವರು ಕಲಿಸದೆ ಸುಮ್ಮನೆ ಕೂತಿದ್ದರೆ ಆ ಮಕ್ಕಳಲ್ಲಿ ಅರ್ಧ ಅಲ್ಲೇ ಇರುತ್ತಿದ್ದವು. ಇದನ್ನು ನಾನು ಬಾಯಿಬಿಟ್ಟು ಅವರಿಗೆ ಹೇಳಲಿಲ್ಲ. ಅವರೇ ಒಂದು ದಿನ ಹೇಳಿದರು. "ಚೆನ್ನಾಗಿ ಕಲ್ಸಿದ್ದೇ ತಪ್ಪಾಯ್ತೇನೋ ಅನ್ಸುತ್ತೆ ಪರಮೇಶಣ್ಣ. ಆದ್ರೆ ಕೆಟ್ಟದಾಗಿ ಕಲ್ಸೋದು ಹೆಂಗೆ ಅಂತ ಗೊತ್ತಾಗಲ್ಲ." ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಜೂನಿನಲ್ಲಿ ಶಾಲೆ ತೆರೆದಾಗ ಇಂಗ್ಲಿಷಿಗೆ ಹೊಸಬರು ಯಾರೂ ಬರಲಿಲ್ಲ, ಎರಡನೇ ಕ್ಲಾಸಿನಲ್ಲಿ ಉಳಿದದ್ದು ಅರುಣ್‌ಕುಮಾರನೂ ಅವನಂತೆ ಮನೆಯಲ್ಲಿ ಹಸುವಿಲ್ಲದ ಇನ್ನಿಬ್ಬರೂ. ಮೇಡಂ ಆ ಮೂವರ ಮುಂದೆ ಡಬ್ಬ ತೆರೆದರಂತೆ. ಮೂವರೂ "ನೋ ಮಿಲ್ಕ್" ಎಂದರೆ ಡೈರಿ ನಡೆಯುವುದು ಹೇಗೆ? ಮಳೆಗಾಲ ಮುಗಿಯುವುದರೊಳಗೆ ಆರ್ಡರು ಬಂತು. ಇಂಗ್ಲಿಷ್ ಕ್ಲಾಸು ಬಂದ್, ಆ ಮೂವರನ್ನು ಹೆಡ್‌ಮೇಷ್ಟರ ಕನ್ನಡ ಕ್ಲಾಸಿಗೆ ಸೇರಿಸುವುದು, ಮಾಯಮ್ಮ ಮೇಡಂ ಹೆಚ್ಚುವರಿ ಎಂದು ವರ್ಗ, ಅರಕಲಗೂಡಿನಾಚೆಯ ಯಾವುದೋ ಶಾಲೆಗೆ.

ಹೊಸ ಶಾಲೆಗೆ ಹೋಗುವ ದಿನ ಬೆಳಿಗ್ಗೆ ನಮ್ಮ ಸ್ಟಾಪಿನಲ್ಲಿ ಇಳಿದರು. ಹಿಂದಿನ ಸಂಜೆ ಡಬ್ಬವನ್ನು ನನ್ನ ಅಂಗಡಿಯಲ್ಲಿ ಇಟ್ಟುಹೋಗಿದ್ದರು, ತೆಗೆದುಕೊಳ್ಳಲು ಬಂದದ್ದು. ಒದ್ದೆಯಾಗದಿರಲೆಂದು ನಾನು ಅದಕ್ಕೆ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ್ದೆ. "ಅಲ್ಲೂ ಹಸು ಇರ್ತವೆ ಬಿಡಿ ಮೇಡಂ" ಎಂದೆ. ಇನ್ನೇನು ಹೇಳಲಿ. ಅವರು ಡಬ್ಬವನ್ನು ಎದೆಗೊತ್ತಿ ಹಿಡಿದು ಸ್ಟಾಪಿನಲ್ಲಿ ನಿಂತರು.

ಹಳದಿ ವ್ಯಾನು ಬಂದು ನಿಂತಿತು. ನನ್ನ ಅಭಿಷೇಕ್ ಹತ್ತುವುದು ಅಲ್ಲೇ. ವ್ಯಾನಿನಲ್ಲಿ ಮಕ್ಕಳನ್ನು ನೋಡಿಕೊಂಡು ಬರುವ ಟೀಚರು ಬಿಂದುಶ್ರೀ, ಆಲದಕೊಪ್ಪಲಿನ ಹುಡುಗಿಯೇ, ಮಾಯಮ್ಮ ಮೇಡಂ ಹತ್ತಿರವೇ ಅಕ್ಷರ ಕಲಿತವಳು. ಮೇಡಮ್ಮನ್ನು ಕಂಡು ಇಳಿದು ಬಂದಳು.

"ಮಿಸ್, ಅದು ಡೈರಿ ಆಟದ ಡಬ್ಬ ಅಲ್ವಾ?"

"ಹೂಂ ಕಣಮ್ಮ."

ಬಿಂದುಶ್ರೀ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು, ಆದರೂ ರಸ್ತೆಯ ಈಚೆಗೆ ನನಗೆ ಕೇಳಿಸಿತು. "ಮಿಸ್, ನಮ್ಮಲ್ಲೂ ಏನೂ ಇಲ್ಲ. ಪುಸ್ತಕ, ಬೋರ್ಡು ಅಷ್ಟೇ. ಗೋಡೇಲಿ ಇಗ್ಲೂ ಚಿತ್ರ ಇದೆ. ಧನ್ಯಾ ಕ್ಲಾಸಲ್ಲಿ ಬಾಯೇ ಬಿಡ್ತಿಲ್ಲ ಮಿಸ್. ದಿನಾ ಕಾಪಿ ಬರೀತಾಳೆ, ಕೇಳಿದ್ರೆ ಅಳ್ತಾಳೆ. ಆ ಡಬ್ಬ ನಂಗೆ ಕೊಡ್ತೀರಾ?"

ನಾನು ಕೌಂಟರಿನ ಹಿಂದಿನಿಂದಲೇ ಬೇಡ, ಬೇಡ ಎಂದು ತಲೆಯಾಡಿಸಿದೆ. ಮಕ್ಕಳನ್ನು ಕೊಂಡುಹೋದದ್ದು ಸಾಲದೆ ಡಬ್ಬವನ್ನೂ ಕೊಂಡುಹೋಗಬೇಕೆ? ಮೇಡಂ ನನ್ನ ಕಡೆ ನೋಡಿದರು. ವ್ಯಾನಿನ ಕಿಟಕಿ ಕಡೆ ನೋಡಿದರು. ಅಲ್ಲಿ ಕಂಬಿಗೆ ಹಣೆ ಒತ್ತಿಕೊಂಡು ಧನ್ಯಾ ಕೂತಿದ್ದಳು, ಮುಖ ಬಾಡಿತ್ತು. ಮೇಡಂ ಡಬ್ಬವನ್ನು ಬಿಂದುಶ್ರೀಯ ಕೈಗೆ ಕೊಟ್ಟುಬಿಟ್ಟರು.

ವ್ಯಾನಿನೊಳಗೆ ಡಬ್ಬ ಹೋದದ್ದನ್ನು ಕಂಡು ಧನ್ಯಾಳ ಮುಖಕ್ಕೆ ಜೀವ ಬಂತು. ಕಿಟಕಿಯ ಕಂಬಿಗೆ ಮುಖ ಒತ್ತಿ ಕೂಗಿದಳು.

"ಮಿಸ್! ಗುಡ್ ಮಾರ್ನಿಂಗ್! ಹೌ ಮಚ್ ಮಿಲ್ಕ್?"

ಮೇಡಂ ಎರಡೂ ಬರಿಗೈ ಎತ್ತಿ ತೋರಿಸಿದರು. "ನೋ ಮಿಲ್ಕ್, ಧನ್ಯಾ."

ಹುಡುಗಿ ನಿಯಮ ಮರೆತಿರಲಿಲ್ಲ. ತಾತನಂತೆ ಗಂಭೀರವಾಗಿ ತಲೆದೂಗಿ, "ಥ್ಯಾಂಕ್ ಯು. ಕಮ್ ಟುಮಾರೊ" ಅಂದಳು.

ವ್ಯಾನು ಹೊರಟಿತು. ಮೇಡಂ 'ಆಗಲಿ, ಆಗಲಿ' ಎಂಬಂತೆ ತಲೆಯಾಡಿಸುತ್ತಲೇ ನಿಂತಿದ್ದರು, ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ. ನಾನು ರೇಗಿ ಏನೋ ಹೇಳಲು ರಸ್ತೆ ದಾಟುವಷ್ಟರಲ್ಲಿ ಅವರ ಬಸ್ಸು ಬಂತು. ಜನ ನುಗ್ಗಿದರು. ಎಲ್ಲರೂ ಹತ್ತಿದ ಮೇಲೆ ಅವರು ಕೊನೆಯಲ್ಲಿ ಹತ್ತಿದರು.